ಪಾಳಿಯಲ್ಲಿ ನಿಂತ ಗಾಡಿ

ಏಪ್ರಿಲ್ 6, ಭಾನುವಾರ

ಕಿತ್ತೂರಿನವರು ಬೇಡವೆಂದರು. ಬಾಯಿಬಿಟ್ಟು ಹೇಳಲಿಲ್ಲ, ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. ‘ಜಾತಕ ಕೂಡಲಿಲ್ಲ’ ಎಂದು ಫೋನ್ ಮಾಡಿದರು. ನಾವು ಅವರಿಗೆ ಜಾತಕ ಕೊಟ್ಟೇ ಇರಲಿಲ್ಲ.

ಅವ್ವ ಫೋನ್ ಇಟ್ಟವಳೇ ಹಿತ್ತಲಿಗೆ ಹೋಗಿ ಒಣಮೆಣಸಿನಕಾಯಿ ಕುಟ್ಟತೊಡಗಿದಳು. ಸಿಟ್ಟು ಬಂದಾಗಲೆಲ್ಲ ನಮ್ಮವ್ವ ಸಾವಿತ್ರೆವ್ವ ಖಾರ ಕುಟ್ಟುತ್ತಾಳೆ. ನನಗೆ ಹೆಣ್ಣು ನೋಡಲು ಶುರು ಮಾಡಿದಾಗಿನಿಂದ ನಮ್ಮ ಮನೆಗೆ ಖಾರದ ಪುಡಿ ಹೊರಗಿನಿಂದ ತಂದದ್ದಿಲ್ಲ.

ಸಂಜೆ ಯರಗಟ್ಟಿಯಿಂದ ದುಂಡಪ್ಪ ಮಾವ ಬಂದ. ಅವ್ವನ ತಮ್ಮ, ಕಾಳಿನ ದಲಾಲಿ. ಒಂದು ಹಿಡಿ ಗೋವಿನಜೋಳ ಕೈಯಲ್ಲಿ ಹಿಡಿದು ಇಡೀ ಲಾರಿಯ ಯೋಗ್ಯತೆ ಹೇಳುವ ಮನುಷ್ಯ. ನನ್ನನ್ನೂ ಹಾಗೆಯೇ ನೋಡಿದ.

“ಹುಡುಗಗ ಏನ ಕಡಿಮಿ ಆಗೈತಿ? ಬೈಲಹೊಂಗಲ ಬಜಾರದಾಗ ಅಂಗಡಿ ಐತಿ, ಸ್ವಂತ ಮನಿ ಐತಿ, ಚಟಾ ಇಲ್ಲ. ಆದ್ರ ಹೆಣ್ಣು ನೋಡಾಕ ನೀವು ಹೋಗಿದ್ದು ಯಾತರಾಗ?”

ನಾವು ಹೋದದ್ದು ಅಂಗಡಿಯ ಸಾಮಾನು ಸಾಗಿಸುವ ಟೆಂಪೋದಲ್ಲಿ. ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಹಿಂದೆ ಎರಡು ಹಳೆಯ ರೇಡಿಯೇಟರ್ ಇದ್ದವು, ಇಳಿಸುವುದು ಮರೆತಿತ್ತು.

“ಈಗಿನ ಹುಡಿಗ್ಯಾರು ಹುಡುಗನ್ನ ಆಮ್ಯಾಲ ನೋಡತಾರ,” ಎಂದ ಮಾವ. “ಮೊದಲ ಕಿಡಕ್ಯಾಗಿಂದ ಗಾಡಿ ನೋಡತಾರ.”

ಅದೂ ಎಂಥ ಗಾಡಿ ಎಂಬುದನ್ನು, ಅವ್ವನ ವರದಿ ಕೇಳಿ, ಅವನೇ ತೀರ್ಮಾನಿಸಿದ. ಕಿತ್ತೂರಿನ ಹುಡುಗಿಯ ಅಣ್ಣ ನನ್ನನ್ನು, “ಮುಂದ ಎಲ್ಲಾ ಕರೆಂಟಿನ ಗಾಡಿ ಬಂದ್ರ ನಿಮ್ಮ ಅಂಗಡಿ ಗತಿ ಏನ್ರಿ?” ಎಂದು ಕೇಳಿದ್ದನಂತೆ, ನಾನು ಬಾಯಿ ಮುಚ್ಚಿಕೊಂಡು ಅವಲಕ್ಕಿ ತಿಂದಿದ್ದೆನಂತೆ. ಆದ್ದರಿಂದ ಕರೆಂಟಿನ ಕಾರನ್ನೇ ಕೊಳ್ಳಬೇಕು. ಎಲ್ಲರ ಬಾಯಿ ಬಂದ್ ಆಗುತ್ತದೆ.

ನನಗೆ ಮೂವತ್ತನಾಲ್ಕು ತುಂಬಿದೆ. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ: ನನಗೆ ಹೆದರಿಕೆಯಾಗಿದೆ. ಜೊತೆಗೆ ಓದಿದವರ ಮಕ್ಕಳು ನನ್ನ ಅಂಗಡಿಗೆ ಬಂದು ನಟ್ಟು ಬೋಲ್ಟು ಕೇಳುತ್ತಾರೆ. ಹೀಗೇ ಆದರೆ ನನ್ನ ಮದುವೆಯ ಅಕ್ಕಿಕಾಳು ಹಾಕಲು ಆ ಮಕ್ಕಳ ಮಕ್ಕಳು ಬರಬೇಕು.

ಏಪ್ರಿಲ್ 13, ಭಾನುವಾರ

ಬೆಳಗಾವಿಯ ಶೋರೂಮಿಗೆ ಹೋಗಿ ಬಂದೆವು. ಮಾರಾಟದವನು ‘ಕ್ರಾಸ್‌ಓವರ್ ಎಸ್‌ಯುವಿ’ ಎಂದ. ಹಾಗೆಂದರೇನು ಎಂದು ಮಾವ ಕೇಳಿದ. ಕಾರಿನ ಆರಾಮ, ಜೀಪಿನ ಗತ್ತು, ಎರಡೂ ಕೂಡಿಸಿದ್ದು ಎಂದು ಆತ ತಿಳಿಸಿ ಹೇಳಿದ.

“ಕುದ್ರೀನೂ ಅಲ್ಲ, ಕತ್ತೀನೂ ಅಲ್ಲ,” ಎಂದ ಮಾವ. “ಹೇಸರಗತ್ತಿ ಅನ್ನು.”

ಬಾನೆಟ್ ತೆಗೆದರು. ಒಳಗೆ ಇಂಜಿನ್ ಇಲ್ಲ. ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಕೆಳಗೆ ಯಾವುದೋ ಕಿತ್ತಳೆ ಬಣ್ಣದ ವೈರುಗಳು. ಮಾವ ಬಗ್ಗಿ ನೋಡಿ, ಸಾಮಾನು ಇನ್ನೂ ಬಂದಿಲ್ಲವೇನೋ ಎಂಬಂತೆ ಆತನ ಮುಖ ನೋಡಿದ. ಫಿಲ್ಟರ್ ಇಲ್ಲ, ಬೆಲ್ಟ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ನಾಝಲ್ ಇಲ್ಲ. ಇದರಲ್ಲಿ ಕೆಡುವ ಸಾಮಾನೇ ಇಲ್ಲ ಸಾರ್, ಎಂದು ಆತ ಹೆಮ್ಮೆಯಿಂದ ಹೇಳಿದ. ಕೆಡುವ ಸಾಮಾನಿನ ಮೇಲೆ ಬದುಕುವವನಿಗೆ ಹೇಳುವ ಮಾತೇ ಅದು?

ಸ್ಟೆಪ್ನಿ ಎಲ್ಲಿ ಎಂದೆ. ಸ್ಟೆಪ್ನಿಯೂ ಇಲ್ಲ. ಪಂಕ್ಚರ್ ಆದರೆ ಡಬ್ಬಿಯಲ್ಲಿನ ಅಂಟು ಹೊಡೆದು ಗಾಳಿ ತುಂಬಿಕೊಂಡು ಹೋಗಬೇಕಂತೆ. ನೆಲದಡಿ ಪೂರ್ತಿ ಬ್ಯಾಟರಿ ಇರುವುದರಿಂದ ಹಿಂದಿನ ಸೀಟಿನಲ್ಲಿ ಮಾವನ ಮೊಣಕಾಲು ಗದ್ದಕ್ಕೆ ತಾಗಿತು. ಒಂದು ಚಾರ್ಜಿಗೆ ಎಷ್ಟು ಓಡುತ್ತದೆ ಎಂದು ಕೇಳಿದಾಗ ದೊಡ್ಡ ಅಂಕಿ ಹೇಳಿ, ಅದು ಕಂಪನಿಯ ಲೆಕ್ಕ ಎಂದ. ನಮ್ಮ ಲೆಕ್ಕದಲ್ಲಿ ಎಷ್ಟು ಎಂದೆ. ಅಷ್ಟರಲ್ಲಿ ಆತನಿಗೆ ಫೋನ್ ಬಂತು.

ಗುಣವೂ ಇದೆ, ಸುಳ್ಳೇಕೆ ಬರೆಯಲಿ. ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟುತ್ತದೆ. ನಡುಕವಿಲ್ಲ, ಹೊಗೆಯಿಲ್ಲ, ಸಪ್ಪಳವಿಲ್ಲ. ಮಾವನಿಗೆ ಇದೊಂದೇ ಚಿಂತೆಯಾಯಿತು. “ಸಪ್ಪಳ ಇಲ್ಲಂದ್ರ ನಾವು ಕಾರ ತಗೊಂಡದ್ದು ಓಣಿಗೆ ಹೆಂಗ ಗೊತ್ತಾಗಬೇಕೋ ಸಿದ್ಧಾರೂಢ?”

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ಗಾಡಿ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದೆ ತೆಗೆದೆ. ನಿಂಬೆಹಣ್ಣು ಒಡೆದ ಸಪ್ಪಳವೇ ಗಾಡಿಯ ಸಪ್ಪಳಕ್ಕಿಂತ ಜೋರಾಗಿತ್ತು. ಓಣಿಯವರು ಬಂದು ಬಾನೆಟ್ ತೆಗೆಸಿ ನೋಡಿ, ಪೇಢೆ ತಿಂದು ಹೋದರು. ಇಂಜಿನ್ ಇರಬೇಕಾದ ಪೆಟ್ಟಿಗೆಯಲ್ಲಿ ಅವ್ವ ಆಗಲೇ ಉಪ್ಪಿನಕಾಯಿ ಭರಣಿ ಇಟ್ಟು ಅಳತೆ ನೋಡಿದ್ದಾಳೆ.

ಮೇ 5, ಸೋಮವಾರ

ಸವದತ್ತಿಯ ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಕಾಯಿ ಒಡೆಸಿಕೊಂಡು ಬಂದೆವು. ಹತ್ತುವಾಗ ಚಾರ್ಜು ಕಣ್ಣೆದುರೇ ಇಳಿಯಿತು. ಇಳಿಯುವಾಗ ಬ್ರೇಕು ಹಿಡಿದಂತೆಲ್ಲ ಸ್ವಲ್ಪ ಮೇಲೇರಿತು. ಇದೊಂದು ದೊಡ್ಡ ಗುಣ ಎಂದು ಮಾವನಿಗೆ ತೋರಿಸಿದೆ.

“ಇಳಿಜಾರಿನ್ಯಾಗ ದುಡಿಯೂದು ಏನ ದೊಡ್ಡ ಮಾತು?” ಎಂದ. “ಅಷ್ಟ ನೀನೂ ದುಡೀತಿ.”

ತೊರಗಲ್ಲಿನಿಂದ ಒಂದು ಹೆಣ್ಣಿನ ಫೋಟೋ ಬಂದಿದೆ. ಹೆಸರು ಮಧು. ತಾಯಿ ಇಲ್ಲ. ತಂದೆ ಮಹಾದೇವ, ಅಜ್ಜಿ ಬಾಯವ್ವ. ಮನೆಗೆ ಹೊಂದಿಕೊಂಡು ಹಿಟ್ಟಿನ ಗಿರಣಿ ಇದೆ, ಅದನ್ನು ಹುಡುಗಿಯೇ ನಡೆಸುತ್ತಾಳಂತೆ. ಗುಣ: ಬಿ.ಕಾಂ., ಎತ್ತರ ಸಾಕಷ್ಟು. ಅವಗುಣ: ವಯಸ್ಸು ಮೂವತ್ತೊಂದು, ಫೋಟೋದಲ್ಲಿ ನಕ್ಕಿಲ್ಲ, ಕಿವಿಯ ಹತ್ತಿರ ಕೂದಲು ನರೆತಿದೆ. ಗಿರಣಿ ಸಪ್ಪಳದಲ್ಲಿ ಮಾತಾಡಿ ರೂಢಿಯಾದವಳಿಗೆ ಬಾಯಿ ಜೋರು ಇರಲೇಬೇಕು. ಅವ್ವ ಕನ್ನಡಕ ಹಾಕಿಕೊಂಡು ನರೆಯನ್ನೇ ನೋಡಿದಳು. ಆದರೂ ಭಾನುವಾರ ಹೋಗುವುದೆಂದಾಯಿತು. ಆರಿಸಿ ಕೊಳ್ಳುವ ಕಾಲ ನಮ್ಮದಲ್ಲ.

ಮೇ 10, ಶನಿವಾರ

ಮಾವ ಬೆಳಿಗ್ಗೆಯೇ ಬಂದು ಕಿತ್ತೂರಿನ ನೆಂಟರಿಗೆ ಗಾಡಿ ತೋರಿಸಬೇಕೆಂದು ಹಟ ಹಿಡಿದ. ನೆಂಟರೆಲ್ಲ ನೆಪ. ನಮ್ಮನ್ನು ಬೇಡವೆಂದವರ ಮನೆಯ ಮುಂದೆ ಎರಡು ಸಲ ಹಾಯಿಸಿದ. ಒಬ್ಬರೂ ಹೊರಗೆ ಬರಲಿಲ್ಲ, ಕೇಳಿಸಿದರೆ ತಾನೇ ಬರುವುದು. ಮೂರನೆಯ ಸಲ ಹಾರ್ನ್ ಒತ್ತಿ ಹಿಡಿದ. ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡಿತು.

ಸಂಜೆ ಚಾರ್ಜಿಗೆ ಹಾಕಿದ್ದೇನೆ. ಗುಡುಗುತ್ತಿದೆ, ಅಡ್ಡಮಳೆ ಬರಬಹುದು. ನಾಳೆ ತೊರಗಲ್ಲು.

ಮೇ 11, ಭಾನುವಾರ

ಇವತ್ತಿನದನ್ನು ಬರೆದಿಡಲೇಬೇಕು. ಇಲ್ಲದಿದ್ದರೆ ಮಾವ ಹೇಳಿದ್ದೇ ಸತ್ಯವಾಗುತ್ತದೆ.

ಬೆಳಿಗ್ಗೆ ನೋಡಿದರೆ ಚಾರ್ಜರಿನ ಪ್ಲಗ್ಗು ಕಿತ್ತು, ಅರಿವೆಯಲ್ಲಿ ಸುತ್ತಿ, ದೇವರ ಮಾಡದ ಪಕ್ಕ ಇಡಲಾಗಿತ್ತು. ಗುಡುಗಿದರೆ ಅವ್ವ ಟಿವಿ, ಫ್ರಿಜ್, ಮಿಕ್ಸರ್ ಎಲ್ಲದರ ವೈರು ಕೀಳುತ್ತಾಳೆ. ಗಾಡಿಯದನ್ನು ಬಿಡುತ್ತಾಳೆಯೇ?

“ಅಷ್ಟ ಸಿಡಲ ಹೊಡ್ಯಾಕ ಹತ್ತಿತ್ತು,” ಎಂದಳು. “ಹೊಸಾ ಗಾಡಿ ಸುಟ್ಟ ಹೋದ್ರ ನಿನಗ ಹೆಣ್ಣ ಯಾರ ಕೊಡತಾರ?”

ಗಾಡಿಯ ಪರದೆ ನೂರಿಪ್ಪತ್ತು ಕಿಲೋಮೀಟರ್ ಹೋಗುತ್ತೇನೆ ಎನ್ನುತ್ತಿತ್ತು. ತೊರಗಲ್ಲು ತೊಂಬತ್ತರ ಹತ್ತಿರ. ಮಾವ ಲೆಕ್ಕ ಹಾಕಿ, ಹೋಗಿ ಮುಟ್ಟಿದರೆ ಸಾಕು, ಉಳಿದದ್ದು ಅಲ್ಲಿ ನೋಡೋಣ ಎಂದ. ಬಿಸಿಲಿಗೆ ಎಸಿ ಹಾಕಿದೆವು. ಯರಗಟ್ಟಿ ದಾಟುವಷ್ಟರಲ್ಲಿ ನಾವು ಓಡಿದ್ದಕ್ಕಿಂತ ಹೆಚ್ಚು ಕಿಲೋಮೀಟರನ್ನು ಪರದೆ ನುಂಗಿತ್ತು. ಎಸಿ ಆರಿಸಿದೆ. ಇಳಕಲ್ ಸೀರೆಗೆ ಧೂಳು ಬೀಳುತ್ತದೆಂದು ಅವ್ವ ಗಾಜು ಇಳಿಸಲು ಬಿಡಲಿಲ್ಲ. ದಾರಿಯ ಧಾಬಾದಲ್ಲಿ ಒಂದು ಚಾರ್ಜರ್ ಇದೆಯೆಂದು ಫೋನ್ ತೋರಿಸಿತು. ಚಾರ್ಜರ್ ಇತ್ತು. ಅದರ ಮೇಲೆ ಟವೆಲ್ ಒಣಗುತ್ತಿದ್ದವು. ಕೇಳಿದರೆ, “ಅದು ಅರಿವಿ ಹಾಕಾಕ ಛಲೋ ಆಗೈತ್ರಿ,” ಎಂದರು.

ಬೆವರಿನಲ್ಲಿ ಮುಳುಗಿ ತೊರಗಲ್ಲಿನ ಕೋಟೆ ಬಾಗಿಲ ಹತ್ತಿರದ ಆ ಮನೆಯ ಮುಂದೆ ನಿಂತಾಗ ಪರದೆ ಕೆಂಪಾಗಿತ್ತು. ನಾವು ಬಂದದ್ದು ಯಾರಿಗೂ ಕೇಳಲಿಲ್ಲ. ಬಾಗಿಲಲ್ಲಿ ಹೋಗಿ ನಿಂತರೆ ಹುಡುಗಿಯ ತಂದೆ ಮಹಾದೇವ ಬನಿಯನ್ ಮೇಲೆ ಅರ್ಧ ಗಡ್ಡ ಹೆರೆದುಕೊಂಡು ಕುಳಿತಿದ್ದರು. ಗಾಡಿಯ ಗುಣವೆಂದು ನಾನು ಬರೆದುಕೊಂಡದ್ದರಲ್ಲಿ ಒಂದು ಅಲ್ಲಿಯೇ ಅಳಿಸಿಹೋಯಿತು.

ಅವಲಕ್ಕಿ ಬಂತು, ಚಹಾ ಬಂತು. ಮಾವ ಗಾಡಿಯ ಗುಣಗಾನ ಮುಗಿಸಿ, ಕೊನೆಗೆ, ಒಂದು ಸ್ವಲ್ಪ ಚಾರ್ಜ್ ಮಾಡಬೇಕಿತ್ತು ಎಂದ. ಮಹಾದೇವ ತಮ್ಮ ಫೋನಿನ ಚಾರ್ಜರ್ ತಂದುಕೊಟ್ಟರು.

ಮನೆಯ ದೊಡ್ಡ ಪ್ಲಗ್ಗಿಗೆ ಹಾಕಿದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಆಗ ಒಳಬಾಗಿಲಿನಿಂದ ಹುಡುಗಿಯ ದನಿ ಬಂತು.

“ಮನ್ಯಾಗ ಅರ್ಥಿಂಗ್ ಇಲ್ರಿ. ಗಿರಣ್ಯಾಗ ಐತಿ. ವೈರ್ ತಗೊಂಡ ಬರ್ರಿ.”

ಹೆಣ್ಣು ನನಗೆ ಹೇಳಿದ ಮೊದಲ ಮಾತು ಇದು. ತಲೆ ತಗ್ಗಿಸಿ ಹೆಸರು ಹೇಳುವುದು, ನೀರು ಕೊಡುವುದು ಯಾವುದೂ ಆಗಲೇ ಇಲ್ಲ.

ಗಿರಣಿ ಮನೆಯ ಮಗ್ಗುಲಿಗೇ ಇದೆ. ಭಾನುವಾರವಾದ್ದರಿಂದ ಜೋಳದ ಡಬ್ಬಿಗಳು ಬಾಗಿಲಿನಿಂದ ಬೀದಿಯವರೆಗೆ ಸಾಲಾಗಿದ್ದವು, ಪಕ್ಕದಲ್ಲಿ ಅವುಗಳ ಒಡತಿಯರು. ಎಕ್ಸ್‌ಟೆನ್ಷನ್ ಎಳೆದು ಚಾರ್ಜಿಗೆ ಹಾಕಿದೆವು, ಹಸಿರು ದೀಪ ಬಂತು. ಗಿರಣಿ ಶುರು ಮಾಡಿದಳು, ಕೆಂಪಾಯಿತು. ವೋಲ್ಟೇಜ್ ಸಾಲದು. ಗಿರಣಿ ನಡೆಯಬೇಕು, ಇಲ್ಲವೇ ಗಾಡಿ.

“ಬೀಗರು ಬಂದಾರಂದಮ್ಯಾಲ ಇವತ್ತೊಂದಿನ ಗಿರಣಿ ಬಂದ್ ಇಡ್ರಲ್ಲ,” ಎಂದ ಮಾವ.

“ಇವರು ಮುಂಜಾನೆದ್ದು ಬಂದ ಡಬ್ಬಿ ಇಟ್ಟಾರ್ರಿ,” ಎಂದಳು ಮಧು. “ಪಾಳಿ ತಪ್ಪಸಂಗಿಲ್ಲ. ಲಗಮವ್ವಾಯಿ ಡಬ್ಬಿ ಆದಮ್ಯಾಲ ನಿಮ್ಮ ಗಾಡಿ. ಒಂದ ತಾಸು. ಆಮ್ಯಾಲ ಮತ್ತ ಡಬ್ಬಿ.”

ಲಗಮವ್ವಾಯಿ ಎಂಬ ಮುದುಕಿ ಗಾಡಿಯನ್ನು ಮೇಲಿನಿಂದ ಕೆಳಗೆ ನೋಡಿ, “ಎಷ್ಟ ಸೇರ ಬೀಸಬೇಕವಾ ಇದಕ್ಕ?” ಎಂದಳು. ಇಡೀ ಸಾಲು ನಕ್ಕಿತು. ಅಷ್ಟು ದೊಡ್ಡ ಗಾಡಿ ಡಬ್ಬಿಗಳ ಹಿಂದೆ ಪಾಳಿಯಲ್ಲಿ ನಿಂತಿತು.

ಹೆಣ್ಣು ನೋಡುವುದು ನಮ್ಮಲ್ಲಿ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಇಲ್ಲಿ ಮಧ್ಯಾಹ್ನವಾಯಿತು. ಒಳಗೆ ಎಣ್ಣೆಗಾಯಿ ಪಲ್ಯದ ವಾಸನೆ. ಆದರೆ ನಮ್ಮ ಮಾವನ ಶಾಸ್ತ್ರ ಗಟ್ಟಿ: ಮಾತು ಪಕ್ಕಾ ಆಗುವವರೆಗೆ ಹೆಣ್ಣಿನ ಮನೆಯಲ್ಲಿ ಚಹಾ ಅವಲಕ್ಕಿ ಮಾತ್ರ. ಉಂಡರೆ ಒಪ್ಪಿದಂತೆ.

ಅಜ್ಜಿ ಬಾಯವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ನಿಮ್ಮ ಗಾಡಿ ನಮ್ಮ ಮನಿ ಕರೆಂಟ ಉಣ್ಣಾಕ ಹತ್ತೈತಿ. ಗಾಡಿ ಉಂಡ್ರ ನಡೀತೈತಿ, ಗಾಡ್ಯಾಗ ಬಂದವರ ಉಂಡ್ರ ನಡಿಯಂಗಿಲ್ಲೇನ್ರಿ?”

ಮಾವ ಬಹಳ ಹೊತ್ತು ಯೋಚಿಸಿದ. “ಕರೆಂಟ ಊಟಾ ಅಲ್ಲಬೇ. ಅದು ನೀರಿದ್ದಂಗ. ನೀರ ಕುಡೀಬಹುದು.”

ಹೀಗೆ ತೀರ್ಪು ಕೊಟ್ಟ ಮನುಷ್ಯ, ರೊಟ್ಟಿ ಬಡಿಯುವ ಸಪ್ಪಳ ಶುರುವಾದ ಮೇಲೆ ತನಗೆ ಶುಗರ್ ಇದೆಯೆಂದೂ, ಶಾಸ್ತ್ರಕ್ಕಿಂತ ಶರೀರ ದೊಡ್ಡದೆಂದೂ ಹೇಳಿ ಪಂಕ್ತಿಯಲ್ಲಿ ಕುಳಿತ. ಎಣ್ಣೆಗಾಯಿಯ ಪಾತ್ರೆ ಒಳಗೆ ಖಾಲಿಯಾಗಿಯೇ ಹೋಯಿತು. ಅವ್ವ ಹಟ ಹಿಡಿದು ಬರೀ ನೀರಿನ ಮೇಲೆ ಕುಳಿತಳು.

ನಾನು ಉಣ್ಣದೆ ಗಿರಣಿಯಲ್ಲಿದ್ದೆ. ಬೀದಿಯ ಹೆಂಗಸರೆಲ್ಲ ನೋಡುತ್ತಿರುವಾಗ ಕೈ ಕಟ್ಟಿ ಕೂರುವುದು ಹೇಗೆ? ಡಬ್ಬಿ ಎತ್ತಿ ಕೊಡತೊಡಗಿದೆ. ಗಿರಣಿ ನಡೆಯುವಾಗ ಮಾತು ಕೇಳುವುದಿಲ್ಲ. ಗಾಡಿಯ ಪಾಳಿ ಬಂದು ಗಿರಣಿ ನಿಂತಾಗ ಮಾತ್ರ ಮಾತು. ಮಧು ಹಿಟ್ಟಿನ ಕೈ ಒರೆಸಿಕೊಂಡು ಎದುರಿಗೆ ಕುಳಿತಳು.

“ನಿಮ್ಮ ಮಾವಾರು ಮುಂಜಾನಿಂದ ಗಾಡಿ ಗುಣಾ ಹೇಳಾಕ ಹತ್ಯಾರ. ಅವಗುಣಾ ಏನೂ ಇಲ್ಲೇನ್ರಿ?”

ಇದು ನನಗೆ ಸುಲಭದ ಪ್ರಶ್ನೆ. ಪರದೆಯ ಲೆಕ್ಕ ಸುಳ್ಳು, ಎಸಿ ಹಾಕಿದರೆ ಇನ್ನೂ ಸುಳ್ಳು. ಸ್ಟೆಪ್ನಿ ಇಲ್ಲ. ಹಿಂದೆ ಕುಳಿತವರ ಮೊಣಕಾಲು ಗದ್ದಕ್ಕೆ. ಬ್ಯಾಟರಿ ಕೆಟ್ಟರೆ ಊರಿನಲ್ಲಿ ಮುಟ್ಟುವವರಿಲ್ಲ. ಮಾರಲು ಹೋದರೆ ಯಾರು ಕೊಳ್ಳುತ್ತಾರೋ ಗೊತ್ತಿಲ್ಲ. ದಾರಿಯ ಚಾರ್ಜರಿನಲ್ಲಿ ಟವೆಲ್ ಒಣಗುತ್ತವೆ. ಎಲ್ಲ ಹೇಳಿದೆ.

“ಗುಣಾ?”

“ಸುಮ್ಮನ ಹೋಗತೈತ್ರಿ. ಹೊಗಿ ಇಲ್ಲ. ಇಳಿಜಾರಿನ್ಯಾಗ ಹೋದದ್ದು ಒಂದೀಟ ತಿರಗಿ ಬರತೈತಿ. ರೂಢಿ ಆತಂದ್ರ ಡೀಸೆಲ್ ಗಾಡಿ ನಡಸಾಕ ಮನಸ ಬರಂಗಿಲ್ಲ.” ಕೊನೆಯ ಮಾತು ಎಲ್ಲಿಂದ ಬಂತೋ, ನನಗೇ ಹೊಸದು.

“ಈಗ ನಿಮ್ಮವು ಹೇಳ್ರಿ.”

“ನನ್ನವೇನ್ರಿ?”

“ಗುಣಾ, ಅವಗುಣಾ.”

ಇಷ್ಟು ಮನೆಗಳಲ್ಲಿ ಅವಲಕ್ಕಿ ತಿಂದಿದ್ದೇನೆ, ಯಾರೂ ನನ್ನನ್ನೇ ಕೇಳಿರಲಿಲ್ಲ. ಅಂಗಡಿ, ಮನೆ, ಹೊಲ ಕೇಳಿ ಎದ್ದವರೇ ಎಲ್ಲ.

“ವಯಸ್ಸು ಹೆಚ್ಚಾಗೈತ್ರಿ,” ಎಂದೆ. “ಎಲ್ಲಾರನೂ ಚ್ಯಾಷ್ಟಿ ಮಾಡೂದು ಚಟಾ. ಅವ್ವನ ಮಾತ ಮೀರಂಗಿಲ್ಲ.”

“ಕಡೀದು ಗುಣಾನೋ ಅವಗುಣಾನೋ?”

“ಇನ್ನೂ ಗೊತ್ತಾಗಿಲ್ರಿ.”

ನಕ್ಕಳು. ಫೋಟೋದವಳು ಇವಳೇ ಹೌದೋ ಅಲ್ಲವೋ ಅನ್ನಿಸಿತು.

“ನನ್ನವೂ ಕೇಳ್ರಿ. ಬಾಯಿ ಜೋರು. ಅಡಿಗಿ ಅಷ್ಟಕ್ಕಷ್ಟ. ಈ ಗಿರಣಿ ನಮ್ಮವ್ವ ನಡಸತಿದ್ಲು, ಆಕಿ ಹೋದಮ್ಯಾಲ ನಾ ನಡಸತೇನಿ. ಮದುವಿ ಆದ್ರೂ ಗಿರಣಿ ಕೆಲಸಾ ಬಿಡಂಗಿಲ್ಲ, ಇಲ್ಲಿ ಇಲ್ಲಂದ್ರ ಹೋದಲ್ಲಿ. ನೋಡಾಕ ಬಂದವರೆಲ್ಲಾ ಈ ಮಾತಿಗೇ ಚಾ ಅರ್ಧಕ್ಕ ಬಿಟ್ಟ ಎದ್ದ ಹೋಗ್ಯಾರ. ನೀವೊಬ್ಬರ ಕುಂತೀರಿ. ಯಾಕಂದ್ರ ನಿಮ್ಮ ಗಾಡಿ ಚಾರ್ಜ್ ಇಲ್ಲ.”

ಅಷ್ಟರಲ್ಲಿ ಗಾಡಿಯ ತಾಸು ಮುಗಿಯಿತೆಂದು ಲಗಮವ್ವಾಯಿಯ ಹಿಂದಿನವಳು ಕೂಗಿದಳು. ಮಧು ಎದ್ದು ಗಿರಣಿ ಹಾಕಿದಳು.

ಹೊತ್ತು ಇಳಿಯುವಾಗ ಊರಿಗೆ ಮುಟ್ಟುವಷ್ಟು ಚಾರ್ಜಾಯಿತು. ಉಂಡ ಮಾವ, ನಮ್ಮ ಕಡೆಯಿಂದ ಎಲ್ಲ ಸರಿ ಎಂದು ಮಹಾದೇವರ ಕೈ ಹಿಡಿದುಕೊಂಡು ಹೇಳುತ್ತಿದ್ದ. ಮಧು ಗಾಡಿಯ ಕಿಟಕಿಯ ಹತ್ತಿರ ಬಂದಳು.

“ಮನಿಯವರೆಲ್ಲಾ ಹೂಂ ಅಂದಾರ, ನಾ ಅಂದಿಲ್ಲ. ಇವತ್ತ ನೀವು ಕುಂತದ್ದು ಕರೆಂಟಿನ ಸಲುವಾಗಿ. ಇನ್ನೊಮ್ಮೆ ಬರೂದಿದ್ರ ಫುಲ್ ಚಾರ್ಜ್ ಮಾಡ್ಕೊಂಡ ಬರ್ರಿ. ಆವಾಗ ಎಷ್ಟೊತ್ತ ಕುಂದರತೀರಿ ನೋಡೂಣು.”

ದಾರಿಯುದ್ದಕ್ಕೂ ಮಾವ ತೇಗಿದ. ಮನೆಗೆ ಬಂದಾಗ ಅವ್ವ ನನ್ನ ತಲೆ ನೋಡಿ, “ಒಂದ ದಿನದಾಗ ನರತಿಯಲ್ಲೋ,” ಎಂದಳು. ಹಿಟ್ಟು. ಕೊಡವಿಕೊಂಡೆ. ಫೋಟೋ ತೆಗೆದು ಮತ್ತೊಮ್ಮೆ ನೋಡಿದೆ. ಅದೂ ನರೆಯಲ್ಲ.

ಮೇ 12, ಸೋಮವಾರ

ಏನಂದುಕೊಂಡಿದ್ದಾಳೆ? ಊರ ಹೆಂಗಸರ ಮುಂದೆ ನನ್ನನ್ನು ಡಬ್ಬಿಯಂತೆ ತೂಗಿದಳು. ಮತ್ತೆ ಆ ಕಡೆ ಹೋಗುವುದಿಲ್ಲ. ಅವಗುಣ ಬರೆಯಲು ಕುಳಿತರೆ ಈ ಪುಟ ಸಾಲದು. ಎಕ್ಸ್‌ಟೆನ್ಷನ್ ವೈರು ಅಲ್ಲೇ ಬಿಟ್ಟು ಬಂದಿದ್ದೇನೆ.

ಮೇ 16, ಶುಕ್ರವಾರ

ಮಾವ ಸವದತ್ತಿಯ ಹೆಣ್ಣೊಂದನ್ನು ತಂದಿದ್ದಾನೆ. ದೊಡ್ಡ ಮನೆ, ಎಲ್ಲಾ ಕೋಣೆಗೂ ಅರ್ಥಿಂಗ್ ಇದೆಯೆಂದು ವಿಚಾರಿಸಿಯೇ ಬಂದಿದ್ದಾನಂತೆ. ತೊರಗಲ್ಲಿನಲ್ಲಿ ಉಂಡದ್ದರ ಬಗ್ಗೆ ಕೇಳಿದರೆ, ಅದು ಔಷಧದ ಲೆಕ್ಕದ ಊಟ ಎಂದ. ಗಾಡಿ ಸರ್ವಿಸಿಗೆ ಬಿಡಬೇಕು, ಈ ಭಾನುವಾರ ಆಗುವುದಿಲ್ಲ ಎಂದೆ.

“ಕೆಡೂ ಸಾಮಾನ ಒಂದೂ ಇಲ್ಲಂತ ನೀನ ಅಂತಿದ್ದಿ.”

“ನೀರ ಬದಲಿ ಮಾಡಬೇಕಾಗತೈತಿ.” ಬಾಯಿಗೆ ಬಂದದ್ದು ಹೇಳಿದೆ. ಅವ್ವ ಒಳಗೆ ಖಾರ ಕುಟ್ಟುವುದು ಕೇಳಬೇಕಿತ್ತು, ಕೇಳಲಿಲ್ಲ.

ವೈರಿಂಗಿನ ಶಂಕ್ರೆಪ್ಪನನ್ನು ಕರೆಸಿ ಅಂಗಡಿಗೆ ಅರ್ಥಿಂಗ್ ಗುಂಡಿ ತೋಡಿಸಿದೆ. ಅಂಗಡಿಯ ಹಿಂದಿನ ಕೋಣೆಗೆ ತ್ರೀ ಫೇಸ್ ಲೈನಿಗೂ ಅರ್ಜಿ ಹಾಕಲು ಹೇಳಿದೆ. ಗಾಡಿ ಬೇಗ ಚಾರ್ಜ್ ಆಗಲಿ ಎಂದು. “ಒಂದ ಗಾಡಿಗೆ ಹತ್ತ ಹಾರ್ಸ್ ಪವರ್ ಲೈನ್ ಯಾಕ್ರಿ?” ಎಂದ. ಮುಂದೆ ದೊಡ್ಡ ಗಾಡಿ ಬರಬಹುದು ಎಂದೆ. ಆ ಕೋಣೆಯಲ್ಲಿದ್ದ ಹಳೆಯ ಸೈಲೆನ್ಸರುಗಳನ್ನೆಲ್ಲ ಗುಜರಿಗೆ ಹಾಕಿ ಸುಣ್ಣ ಬಳಿಸಿದೆ. ಸುಣ್ಣ ಹೇಗೂ ಬಳಿಸಬೇಕಾಗಿತ್ತು.

ಮೇ 20, ಮಂಗಳವಾರ

ಹೂಲಿಯ ಗಿರಾಕಿಯೊಬ್ಬ ಅಂಗಡಿಯ ಮುಂದೆ ಗಾಡಿ ನೋಡಿ, “ಇದು ಆಟಗಿ ಸಾಮಾನರಿ,” ಎಂದು ನಕ್ಕ. ನಾನೇ ದಿನಾ ಅನ್ನುವ ಮಾತು. ಯಾಕೋ ಮೈ ಉರಿಯಿತು. ಗಾಡಿ ಬಗ್ಗೆ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಎಂದೆ. ಆತ ಫ್ಯಾನ್ ಬೆಲ್ಟ್ ಅಲ್ಲೇ ಇಟ್ಟು ಎದುರಿನ ಅಂಗಡಿಗೆ ಹೋದ.

ಮನೆಯಲ್ಲಿ ಹಿಟ್ಟು ಮುಗಿದಿತ್ತು. ನಮ್ಮ ಓಣಿಯಲ್ಲಿ ಗಿರಣಿ ಇಲ್ಲ, ಬಜಾರಿಗೆ ಹೋಗಬೇಕು. ನಾನೇ ಹೋಗಿ ಬೀಸಿಸಿಕೊಂಡು ಬಂದೆ. ಬೆರಳಲ್ಲಿ ತಿಕ್ಕಿ ನೋಡಿದೆ, ರವೆ ರವೆ. ಬೀಸುವ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆಸಿ ವರ್ಷವಾಗಿರಬೇಕು ಎಂದು ಅವ್ವನಿಗೆ ಹೇಳಿದೆ. ಅವ್ವ ನನ್ನ ಮುಖ ನೋಡಿ ನಕ್ಕಳು. ಹಿಟ್ಟು ಕೆಟ್ಟರೆ ನಗುವುದೇನಿದೆಯೋ.

ಮೇ 24, ಶನಿವಾರ

ಸಂಜೆಯಿಂದ ಗುಡುಗು. ಗಾಡಿ ಚಾರ್ಜಿಗಿದೆ. ಅವ್ವ ಟಿವಿಯ ವೈರು ಕಿತ್ತಳು, ಫ್ರಿಜ್ಜಿನದು ಕಿತ್ತಳು, ಗಾಡಿಯ ಪ್ಲಗ್ಗಿನ ಹತ್ತಿರ ಬಂದಳು. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ನನ್ನನ್ನು ನೋಡಿ ತಿರುಗಿ ಹೋದಳು.

ನಾಳೆ ಎಕ್ಸ್‌ಟೆನ್ಷನ್ ವೈರು ತರಲು ತೊರಗಲ್ಲಿಗೆ ಹೋಗಬೇಕು. ಒಳ್ಳೆಯ ವೈರು, ಬಿಡಲಾಗುವುದಿಲ್ಲ.

ಮೇ 25, ಭಾನುವಾರ

ಒಬ್ಬನೇ ಹೋದೆ. ಅವ್ವನಿಗೆ ವೈರಿನ ವಿಷಯ ಹೇಳಿದಾಗ, “ಹೊಸಾ ಅಂಗಿ ಹಾಕ್ಕೊಂಡ ಹೋಗಿ ವೈರ ತಾ,” ಎಂದಳು. ಎಸಿ ಹಾಕಲಿಲ್ಲ. ನಿಧಾನವಾಗಿ ನಡೆಸಿದೆ. ಅಂಗಿ ಬೆನ್ನಿಗೆ ಅಂಟಿತು, ಅಂಟಲಿ. ಕೋಟೆ ಬಾಗಿಲಲ್ಲೇ ಎರಡು ಸಲ ಹಾರ್ನ್ ಹಾಕಿದೆ. ಮಹಾದೇವರಿಗೆ ಗಡ್ಡ ಒರೆಸಿಕೊಳ್ಳಲು ಸಮಯ ಬೇಕು.

ಗಿರಣಿಯ ಮುಂದೆ ಡಬ್ಬಿಗಳ ಸಾಲು ಹಾಗೆಯೇ ಇತ್ತು. ಮಧು ಗಿರಣಿ ನಿಲ್ಲಿಸಿ ಬಂದು, ನನ್ನನ್ನು ನೋಡುವ ಮೊದಲು ಗಾಡಿಯ ಕಿಟಕಿಯಲ್ಲಿ ಬಗ್ಗಿ ಪರದೆ ನೋಡಿದಳು.

“ಅರ್ಧಕ್ಕಿಂತ ಹೆಚ್ಚ ಐತಲ್ರಿ.”

“ಹೌದ್ರಿ.”

“ವಾಪಸ್ ಹೋಗಾಕ ಸಾಕಾಗತೈತಿ.”

“ಸಾಕಾಗಿ ಉಳೀತೈತ್ರಿ.”

“ವೈರ್ ಅಲ್ಲಿ ಗ್ವಾಡಿಗೆ ಹಾಕೇನಿ. ತಗೊಳ್ರಿ.”

ವೈರು ತೆಗೆದುಕೊಂಡೆ. ಸುತ್ತಿ ಗಾಡಿಯಲ್ಲಿಟ್ಟೆ. ಅಲ್ಲಿಗೆ ನನ್ನ ನೆಪಗಳೆಲ್ಲ ಮುಗಿದವು. ಡಬ್ಬಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಿಲ್ಲದೆ ಬರೆಯುತ್ತೇನೆ: ಈಕೆ ಇಲ್ಲವೆಂದರೆ ಕಿತ್ತೂರಿನವರು ಇಲ್ಲವೆಂದಂತೆ ಆಗುವುದಿಲ್ಲ. ಅದನ್ನು ನಗುತ್ತ ಬರೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

“ನಮ್ಮ ಅಂಗಡಿ ಹಿಂದ ಒಂದ ಖೋಲಿ ಐತ್ರಿ,” ಎಂದೆ. “ತ್ರೀ ಫೇಸ್ ಲೈನ್ ಬರಾಕ ಹತ್ತೈತಿ. ಹತ್ತ ಹಾರ್ಸ್ ಪವರ್.”

“ಗಾಡಿಗೆ ಅಷ್ಟ ಯಾಕ ಬೇಕ್ರಿ?”

“ಗಾಡಿಗಲ್ರಿ.”

ಶಂಕ್ರೆಪ್ಪನಿಗೆ ಹೇಳದ ಉತ್ತರ ಇದು: ಅಷ್ಟು ಕರೆಂಟು ಬೇಕಾಗುವುದು ಗಿರಣಿಗೆ. ನನಗೂ ಅಲ್ಲಿಯೇ ಗೊತ್ತಾಯಿತು. ಆಕೆ ಗಿರಣಿಯ ಕಟ್ಟೆಯ ಮೇಲಿನ ಹಿಟ್ಟನ್ನು ಕೈಯಿಂದ ಸರಿಸುತ್ತ ನಿಂತಳು.

“ಹಂಗಾರ ಹೊಂಡತೀರಿ?”

“ಇಲ್ರಿ. ಉಂಡು ಹೋಗತೇನಿ.”

ಉಂಡರೆ ಏನರ್ಥ ಎಂಬುದು ಅಲ್ಲಿ ಗೊತ್ತಿಲ್ಲದವರು ಯಾರಿದ್ದರು? ಹೋದ ಸಲ ಮಾವನೇ ಬೀದಿಗೆ ಕೇಳುವಂತೆ ಹೇಳಿ ಹೋಗಿದ್ದ.

“ನಿಮ್ಮ ಮಾವಾರನ ಕೇಳೀರಿ?”

“ಅವರು ಆವತ್ತ ಉಂಡಾರ್ರಿ. ಅವ್ವ ಹೊಸಾ ಅಂಗಿ ಹಾಕಿ ಕಳಸ್ಯಾಳ. ಉಳದಾಂವ ನಾ ಒಬ್ಬಾಂವ.”

ಮಧು ನಗಲಿಲ್ಲ. ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಒಂದು ಡಬ್ಬಿ ತುಂಬ ಜೋಳ ಎತ್ತಿಕೊಂಡು ಹೊರಗೆ ಬಂದು, ಸಾಲಿನ ಕೊನೆಯಲ್ಲಿ ಇಟ್ಟಳು.

“ಮನ್ಯಾಗ ಹಿಟ್ಟ ಇಲ್ರಿ. ಇದು ಬೀಸಿದಮ್ಯಾಲ ರೊಟ್ಟಿ. ಗಿರಣಿಯವರದಾದ್ರೂ ಪಾಳಿ ತಪ್ಪಸಂಗಿಲ್ಲ,” ಎಂದಳು. “ಡಬ್ಬಿ ಸರಸ್ಕೋತ ಕುಂದರ್ರಿ.”

ಗಿರಣಿ ಮತ್ತೆ ಶುರುವಾಯಿತು. ನಾನು ಹೊಸ ಅಂಗಿ ಹಾಕಿಕೊಂಡೇ ಡಬ್ಬಿಯ ಪಕ್ಕ ನೆಲದ ಮೇಲೆ ಕುಳಿತೆ. ಲಗಮವ್ವಾಯಿ ಸ್ವಲ್ಪ ಸರಿದು ನೆರಳಿನಲ್ಲಿ ಜಾಗ ಮಾಡಿಕೊಟ್ಟಳು.